ಟೆರೇಸಿಗೆ ಬಿಳಿ ಕೂಲ್ ಕೋಟಿಂಗ್: ಒಂದು ಬೇಸಿಗೆ, ಒಂದು ಮಳೆಗಾಲ ಕಳೆದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಟೆರೇಸಿಗೆ ಬಿಳಿ ಕೂಲ್ ಕೋಟಿಂಗ್ ಹಾಕಿಸಿದರೆ ಅಂಗಾಲಿಗೆ ತಂಪು, ಕೆಳಗಿನ ರೂಮಿಗೆ ತಂಪು, ನೆತ್ತಿಗೆ ಮಾತ್ರ ಅದೇ ಬಿಸಿಲು. ಇಷ್ಟು ಗೊತ್ತಿದ್ದು ದುಡ್ಡು ಹಾಕಿದರೆ ಬೇಜಾರಾಗಲ್ಲ. ನಾನು ಗೊತ್ತಿಲ್ಲದೆ ಹಾಕಿದೆ. ಸಂಜೆ ಹೊತ್ತು ಟೆರೇಸಿನ ಮೇಲೆ ಕುರ್ಚಿ ಹಾಕಿಕೊಂಡು ಕೂರಬಹುದು, ಮನೆ ಮುಂದಿನ ಗಲ್ಲಿಯ ಕಾವೂ ಸ್ವಲ್ಪ ಇಳಿಯಬಹುದು ಅಂತೆಲ್ಲ ಲೆಕ್ಕ ಹಾಕಿದ್ದೆ. ಮೊದಲನೆಯದು ಆಯಿತು. ಎರಡನೆಯದು ಆಗಲಿಲ್ಲ. ಯಾಕೆ ಆಗಲಿಲ್ಲ ಅಂತ ಹುಡುಕುತ್ತಾ ಹೋಗಿ ಈ ರಿವ್ಯೂ ಇಷ್ಟು ಉದ್ದ ಆಗಿದೆ, ಆತುರ ಇದ್ದವರು ಕೊನೆ ಹತ್ತಿರ ರೇಟು ಬರೆದಿದ್ದೇನೆ, ಅಲ್ಲಿಗೆ ಹೋಗಿ.

ನಮ್ಮ ಮನೆ ಲಗ್ಗೆರೆಯಲ್ಲಿ. 30x40 ಸೈಟು, ಮೇಲೆ ನಾವು, ಕೆಳಗೆ ಬಾಡಿಗೆಯವರು. ಅಕ್ಕಪಕ್ಕದ ಮನೆಗೂ ನಮಗೂ ನಡುವೆ ಕೈ ಚಾಚುವಷ್ಟು ಸಂದಿ. ರಸ್ತೆಯಲ್ಲಿ ಈ ತುದಿಯಿಂದ ಆ ತುದಿಗೆ ನೋಡಿದರೆ ಮರ ಅಂತ ಇರುವುದು ಹಿಂದಿನ ಮನೆಯವರ ಒಂದು ನೇರಳೆ ಮಾತ್ರ, ಅದೂ ಅವರ ಕಾಂಪೌಂಡಿನೊಳಗೆ. ಉಳಿದದ್ದೆಲ್ಲ ಕಾಂಕ್ರೀಟು, ಶೀಟು, ಕೇಬಲ್ಲು, ಬೈಕು.

2024ರ ಬೇಸಿಗೆ ನೆನಪಿದೆಯಲ್ವಾ? ಏಪ್ರಿಲ್ 28ಕ್ಕೆ ಬೆಂಗಳೂರಲ್ಲಿ 38.5 ಡಿಗ್ರಿ. 2016ರ ಏಪ್ರಿಲ್‌ನಲ್ಲಿ 39.2 ಮುಟ್ಟಿದ್ದು ಬಿಟ್ಟರೆ ಈ ಊರು ಅಂಥ ಬಿಸಿಲು ಕಂಡದ್ದೇ ಕಮ್ಮಿ. ಆ ತಿಂಗಳು ನಮ್ಮ ಕಡೆ ಒಂದು ಹನಿ ಮಳೆ ಬೀಳಲಿಲ್ಲ. ಅದಕ್ಕೂ ಮುಂಚೆ ನಮ್ಮದೊಂದು ಪದ್ಧತಿ ಇತ್ತು, ಸಂಜೆ ಆರಕ್ಕೆ ಟೆರೇಸಿಗೆ ನಾಲ್ಕು ಬಕೆಟ್ ನೀರು ಎರಚುವುದು. ಎರಚಿದ ತಕ್ಷಣ ಚುಂಯ್ ಅಂತ ಹಬೆ ಬರುತ್ತಿತ್ತು, ಮಣ್ಣಿನ ವಾಸನೆ ಬರುತ್ತಿತ್ತು, ರಾತ್ರಿ ನಿದ್ದೆ ಬರುತ್ತಿತ್ತು. ಆ ವರ್ಷ ಮಾರ್ಚ್‌ನಲ್ಲಿ ನೀರಿನ ಬರ. ಕುಡಿಯುವ ನೀರನ್ನು ಕಾರು ತೊಳೆಯಲು, ಗಿಡಕ್ಕೆ ಹಾಕಲು ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶ ಬಂತು. ಟ್ಯಾಂಕರ್‌ಗೆ ಕಾದು ಕೂತಿರುವಾಗ ಟೆರೇಸಿಗೆ ನೀರು ಎರಚಲು ಯಾರಿಗೆ ಮನಸ್ಸು ಬರುತ್ತದೆ? ಎರಚಲಿಲ್ಲ. ಮೋಲ್ಡು ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ಹನ್ನೊಂದರವರೆಗೂ ನಮ್ಮ ಮೇಲೆ ಕಕ್ಕುತ್ತಿತ್ತು. ಫ್ಯಾನು ಹಾಕಿದರೆ ಮೇಲಿನ ಬಿಸಿ ಗಾಳಿಯನ್ನೇ ಕೆಳಗೆ ತಳ್ಳುತ್ತದೆ. 900 ಮೀಟರ್‌ಗೂ ಎತ್ತರದಲ್ಲಿರುವ ಊರಲ್ಲಿ, ಮೊದಲೆಲ್ಲ ಬೇಸಿಗೆಯಲ್ಲೂ ಹೊದಿಕೆ ಬೇಕಾಗುತ್ತಿದ್ದ ಊರಲ್ಲಿ, ಹಾಲ್‌ನ ನೆಲದ ಮೇಲೆ ಒದ್ದೆ ಟವೆಲ್ ಹಾಸಿ ಮಲಗಿದ್ದೆವು.

ಆಗ ತೀರ್ಮಾನ ಮಾಡಿದೆ, ಮುಂದಿನ ಬೇಸಿಗೆಯೊಳಗೆ ಕೂಲ್ ಕೋಟಿಂಗ್ ಹಾಕಿಸಲೇಬೇಕು. 2025ರ ಫೆಬ್ರವರಿಯಲ್ಲಿ ಹಾಕಿಸಿದೆ.

ಕಂಪನಿ ಹೆಸರು ಹೇಳಲ್ಲ. ಎಲ್ಲ ದೊಡ್ಡ ಪೇಂಟ್ ಕಂಪನಿಗಳೂ ಹೆಚ್ಚು ಕಮ್ಮಿ ಇದೇ ತರಹದ್ದು ಮಾಡುತ್ತವೆ: ನೀರಿನಲ್ಲಿ ಬೆರೆಸುವ ಅಕ್ರಿಲಿಕ್, ಬೆಳ್ಳಗೆ, ಗಟ್ಟಿ ಮಜ್ಜಿಗೆ ತರಹ ಇರುತ್ತದೆ. ಕೆಲವದರಲ್ಲಿ ವಾಟರ್‌ಪ್ರೂಫಿಂಗೂ ಸೇರಿರುತ್ತದೆ. ಡಬ್ಬದ ಮೇಲೆ ಎಸ್‌ಆರ್‌ಐ ಅಂತ ಒಂದು ನಂಬರ್ ಇರುತ್ತದೆ, ಕೊಳ್ಳುವಾಗ ನೋಡಬೇಕಾದ್ದು ಅದನ್ನೇ. ಕಪ್ಪಿಗೆ ಸೊನ್ನೆ, ಒಳ್ಳೆ ಬಿಳುಪಿಗೆ ನೂರು ಅಂತ ಇಟ್ಟುಕೊಂಡು, ಬಿಸಿಲು ಬಿದ್ದಾಗ ಮೇಲ್ಮೈ ಎಷ್ಟು ತಣ್ಣಗಿರುತ್ತದೆ ಅಂತ ಲೆಕ್ಕ ಹಾಕುವ ಅಳತೆ. ನೂರಕ್ಕಿಂತ ಜಾಸ್ತಿ ಬರೆದಿರುವ ಡಬ್ಬವೂ ಸಿಗುತ್ತದೆ, ಅದು ಸುಳ್ಳೇನಲ್ಲ, ಆ ಅಳತೆಯಲ್ಲಿ ನೂರು ದಾಟಬಹುದು. ಆದರೆ ಅದು ಹೊಸದಾಗಿದ್ದಾಗಿನ ನಂಬರ್. ಧೂಳು ಕೂತ ಮೇಲಿನದು ಅಲ್ಲ. ಇದು ನೆನಪಿರಲಿ, ಮುಂದೆ ಬರುತ್ತದೆ.

ಕೆಲಸಕ್ಕೆ ಬಂದ ಕಾಂಟ್ರಾಕ್ಟರ್ ಬಗ್ಗೆ ಎರಡು ಮಾತು. ಬೆಳಿಗ್ಗೆ ಆರಕ್ಕೆ ಬರುತ್ತೇವೆ ಅಂದವರು ಒಂಬತ್ತೂವರೆಗೆ ಬಂದರು. ಇದು ಸುಮ್ನೆ ಗೊಣಗಾಟ ಅಲ್ಲ. ಕಾದ ಮೋಲ್ಡಿನ ಮೇಲೆ ಈ ಪೇಂಟ್ ಹಾಕಿದರೆ ಹಿಡಿಯುವ ಮುಂಚೆಯೇ ಒಣಗಿ ಸಿಪ್ಪೆ ಏಳುತ್ತದೆ, ಅದಕ್ಕೇ ಬೆಳಿಗ್ಗೆ ಬೇಗ ಇಲ್ಲ ಸಂಜೆ ಹಾಕಬೇಕು ಅಂತ ಡಬ್ಬದ ಮೇಲೆಯೇ ಬರೆದಿರುತ್ತದೆ. ಪಾಚಿ ಉಜ್ಜಿ, ವೈರ್ ಬ್ರಷ್ ಹಾಕಿ, ತೊಳೆದು, ಬಿರುಕು ತುಂಬಿ, ಒಂದು ದಿನ ಒಣಗಲು ಬಿಟ್ಟು ಆಮೇಲೆ ಪ್ರೈಮರ್ ಅಂತ ಮಾತಾಗಿತ್ತು. ಬಂದ ಹುಡುಗರು ಪೊರಕೆಯಲ್ಲಿ ಒಂದು ಸಲ ಗುಡಿಸಿ ರೋಲರ್ ಎತ್ತಿಕೊಂಡರು. ನಾನು ಅಡ್ಡ ನಿಂತೆ. "ಅಕ್ಕಾ, ನಾವು ನೂರಾರು ಮನೆಗೆ ಹಾಕಿದ್ದೀವಿ, ಏನೂ ಆಗಲ್ಲ" ಅಂದರು. ನೂರಾರು ಮನೆಯವರನ್ನು ಯಾರು ಕೇಳಿದರು? ಜಗಳ ಆಡಿ ತೊಳೆಸಿದೆ. ಎರಡನೇ ಕೋಟಿಗೆ ನೀರು ಬೆರೆಸುವಾಗ ಮತ್ತೆ ಅಡ್ಡ ನಿಂತೆ, ಆದರೆ ಅಷ್ಟರಲ್ಲಿ ಆಫೀಸಿನ ಕಾಲ್ ಬಂತು, ಕೆಳಗೆ ಇಳಿದೆ. ನಾನು ಇಲ್ಲದ ಆ ಅರ್ಧ ಗಂಟೆಯಲ್ಲಿ ಹಾಕಿದ ಭಾಗ ಯಾವುದು ಅಂತ ಇವತ್ತೂ ತೋರಿಸಬಲ್ಲೆ. ನೀರು ಹೋಗುವ ಪೈಪಿನ ಬಾಯಿ ಹತ್ತಿರ, ಒಂದು ಮೊರದಷ್ಟು ಜಾಗ, ಜೂನ್ ಹೊತ್ತಿಗೆ ಹಪ್ಪಳದ ಹಾಗೆ ಎದ್ದು ಬಂತು.

ಇನ್ನೊಂದು ಯಡವಟ್ಟು ನನಗೆ ಲಾಭವೇ ಆಯಿತು. ಕೊನೆಗೆ ಪೇಂಟ್ ಸಾಲಲಿಲ್ಲ. ಸಿಂಟೆಕ್ಸ್ ಪಕ್ಕದಲ್ಲಿ ನಾಲ್ಕಡಿಗೆ ನಾಲ್ಕಡಿ ಹಾಗೇ ಸಿಮೆಂಟು ಉಳಿಯಿತು. "ನಾಳೆ ಬಂದು ಹಾಕಿ ಕೊಡ್ತೀವಿ ಅಕ್ಕಾ." ಆ ನಾಳೆ ಬರಲು ಎಂಟು ತಿಂಗಳು ಬೇಕಾಯಿತು. ಆದರೆ ಒಂದೇ ಟೆರೇಸಿನಲ್ಲಿ ಬಿಳಿ ಬಳಿದದ್ದು, ಬಳಿಯದ್ದು ಎರಡೂ ಪಕ್ಕಪಕ್ಕ ಸಿಕ್ಕಿತಲ್ಲ! ಸಾವಿರದ ನೂರು ರೂಪಾಯಿ ಕೊಟ್ಟು ಬಿಸಿ ಅಳೆಯುವ ಗನ್ ತರಿಸಿದೆ, ಕೋವಿಡ್ ಸಮಯದಲ್ಲಿ ಹಣೆಗೆ ಹಿಡಿಯುತ್ತಿದ್ದರಲ್ಲ, ಆ ಜಾತಿಯದೇ, ಆದರೆ ಜಾಸ್ತಿ ಬಿಸಿ ಅಳೆಯುವಂಥದ್ದು.

ಏಪ್ರಿಲ್‌ನ ಒಂದು ಭಾನುವಾರ, ಮಧ್ಯಾಹ್ನ ಎರಡು ಗಂಟೆ, ಮೋಡ ಇಲ್ಲ. ಬರೀ ಸಿಮೆಂಟು 59 ಡಿಗ್ರಿ. ಅದಕ್ಕೆ ಅಂಟಿಕೊಂಡೇ ಇರುವ ಬಿಳಿ ಭಾಗ 41. ಗನ್ ಕೆಟ್ಟಿದೆ ಅಂದುಕೊಂಡು ಮೂರು ಸಲ ನೋಡಿದೆ. ಆಮೇಲೆ ಗನ್ ಯಾಕೆ, ಕಾಲೇ ಸಾಕು ಅಂತ ಚಪ್ಪಲಿ ಬಿಟ್ಟು ಒಂದು ಪಾದ ಇಲ್ಲಿ, ಒಂದು ಪಾದ ಅಲ್ಲಿ ಇಟ್ಟೆ. ಬಿಳಿ ಮೇಲಿನ ಪಾದ ಆರಾಮಾಗಿ ನಿಂತಿತು, ಸಿಮೆಂಟಿನ ಮೇಲಿನ ಪಾದವನ್ನು ಮೂರು ಎಣಿಸುವುದರೊಳಗೆ ಎತ್ತಿಕೊಂಡೆ. ಮೊದಲೆಲ್ಲ ಒಣಗಿದ ಬಟ್ಟೆ ತರಲು ಹೋದರೆ ನೆರಳಿಂದ ನೆರಳಿಗೆ ಕುಪ್ಪಳಿಸಿಕೊಂಡು ಹೋಗುತ್ತಿದ್ದೆವು, ಕುಂಟೆಬಿಲ್ಲೆ ಆಡಿದ ಹಾಗೆ. ಈಗ ಬರಿಗಾಲಲ್ಲಿ ಹೋಗಿ ಬರುತ್ತೇವೆ.

ಒಳಗಡೆಯೂ ನೋಡಿದೆ. ಪಕ್ಕದ ಮನೆ ಆಂಟಿಯದೂ ನಮ್ಮದೂ ಒಂದೇ ವರ್ಷ ಕಟ್ಟಿದ ಮನೆ, ಒಂದೇ ಮೇಸ್ತ್ರಿ. ಅದೇ ದಿನ ರಾತ್ರಿ ಒಂಬತ್ತಕ್ಕೆ ಅವರ ಬೆಡ್‌ರೂಮಿನ ಸೀಲಿಂಗ್ 38, ನಮ್ಮದು 33. ರೂಮಿನ ಗಾಳಿ ಅಷ್ಟು ಇಳಿಯಲ್ಲ, ಎರಡು ಡಿಗ್ರಿ ಆಸುಪಾಸು ಅಷ್ಟೇ. ಆದರೆ ಐದು ಡಿಗ್ರಿ ತಣ್ಣಗಿರುವ ಸೀಲಿಂಗ್ ಕೆಳಗೆ ಮಲಗುವುದಕ್ಕೂ, ಕಾದ ಹೆಂಚಿನ ಕೆಳಗೆ ಮಲಗುವುದಕ್ಕೂ ಇರುವ ವ್ಯತ್ಯಾಸ ಗನ್‌ನಲ್ಲಿ ಕಾಣಲ್ಲ. ಒಂದು ಬೇಸಿಗೆ ಪೂರ್ತಿ ಟವೆಲ್ ಒದ್ದೆ ಮಾಡಲಿಲ್ಲ. ಇದಕ್ಕೇ ದುಡ್ಡು ಹುಟ್ಟಿತು ಅನ್ನಬಹುದು.

ಈಗ ಬೇಜಾರಿನ ಭಾಗ. ಅದೇ ಎರಡು ಗಂಟೆಗೆ ಆ ತಂಪು ನೆಲದ ಮೇಲೆ ನಿಂತಿದ್ದೆನಲ್ಲ, ಐದು ನಿಮಿಷಕ್ಕೆ ಮುಖ ಉರಿಯತೊಡಗಿತು. ಗದ್ದದ ಕೆಳಗೆ, ಮೂಗಿನ ಕೆಳಗೆ, ಮಾಮೂಲಿ ಬಿಸಿಲು ತಾಗದ ಕಡೆ ಎಲ್ಲ. ಕಣ್ಣು ಬಿಡಲು ಆಗಲಿಲ್ಲ. ಬಿಸಿಲು ಮೇಲಿಂದ ಒಂದು ಸಲ ಹೊಡೆದು, ನೆಲಕ್ಕೆ ಬಿದ್ದು ಕೆಳಗಿಂದ ಇನ್ನೊಂದು ಸಲ ಹೊಡೆಯುತ್ತಿತ್ತು. ಯೋಚಿಸಿದರೆ ಇದರಲ್ಲಿ ಮೋಸ ಏನಿಲ್ಲ. ಬಿಸಿಲನ್ನು ಹೀರದೆ ವಾಪಸ್ ಕಳಿಸುತ್ತೇನೆ ಅಂತಲೇ ಪೇಂಟ್ ಹೇಳಿದ್ದು. ವಾಪಸ್ ಹೋಗುವ ದಾರಿಯಲ್ಲಿ ನಾನು ನಿಂತಿದ್ದೆ, ಅಷ್ಟೇ.

ಇದು ನನ್ನೊಬ್ಬಳ ಅನುಭವ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಅಮೆರಿಕದ ಫೀನಿಕ್ಸ್ ಅನ್ನುವ ಮರುಭೂಮಿ ಊರಲ್ಲಿ 2020ರಿಂದ ಟಾರು ರಸ್ತೆಗಳಿಗೇ ಹೀಗೆ ತಿಳಿ ಬಣ್ಣದ ಕೋಟಿಂಗ್ ಬಳಿದು ನೋಡಿದ್ದಾರೆ. ಅಲ್ಲಿನ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯವರು ಅಳೆದಾಗ ಮಧ್ಯಾಹ್ನದ ಹೊತ್ತು ರಸ್ತೆಯ ಮೈ ಸುಮಾರು 6 ಡಿಗ್ರಿ ಸೆಲ್ಸಿಯಸ್ ತಣ್ಣಗಿತ್ತು. ಆದರೆ ಆ ರಸ್ತೆ ಮೇಲೆ ನಿಂತ ಮನುಷ್ಯನ ಮೈಗೆ ಸುತ್ತಲಿಂದ ತಾಗುವ ಝಳ ಮಾತ್ರ ಮಧ್ಯಾಹ್ನ ಸುಮಾರು 3 ಡಿಗ್ರಿ ಜಾಸ್ತಿಯಾಗಿತ್ತು. ರಸ್ತೆ ತಂಪು, ನಡೆಯುವವನು ಬಿಸಿ! ಟೆರೇಸಿಗೆ ಇದು ದೊಡ್ಡ ವಿಷಯ ಅಲ್ಲ, ಉರಿಬಿಸಿಲಲ್ಲಿ ಟೆರೇಸಿನ ಮೇಲೆ ಯಾರು ನಿಲ್ಲುತ್ತಾರೆ. ಆದರೆ ಮನೆ ಮುಂದಿನ ಅಂಗಳಕ್ಕೂ ಇದನ್ನೇ ಬಳಿಸಿಬಿಡೋಣ ಅಂತ ನಾನು ಹೊರಟಿದ್ದೆ, ಬಿಟ್ಟೆ. ನೀವೂ ಬಳಿಸಬೇಡಿ. ಜನ ಓಡಾಡುವ ಜಾಗಕ್ಕೆ ಇದಲ್ಲ.

ಎದುರು ಮನೆ ಎರಡನೇ ಮಹಡಿಯ ಅಂಕಲ್ ಒಂದು ದಿನ ಗೇಟ್ ಹತ್ತಿರ ನಿಂತು, "ಏನಮ್ಮಾ, ನಿಮ್ಮ ಟೆರೇಸಿಂದ ನಮ್ಮ ಅಡಿಗೆಮನೆಗೆ ಟಾರ್ಚ್ ಬಿಟ್ಟ ಹಾಗಾಗಿದೆ" ಅಂದರು. ಹೋಗಿ ನೋಡಿದೆ, ನಿಜವೇ. ಬೆಳಿಗ್ಗೆ ಹತ್ತರಿಂದ ಹನ್ನೊಂದೂವರೆವರೆಗೆ ಅವರ ಗ್ಯಾಸ್ ಕಟ್ಟೆ ಮೇಲೆ ಬೆಳಕಿನ ಹೊಡೆತ. ಒಂದು ಪರದೆ ನಾನೇ ಹೊಲಿಸಿ ಕೊಟ್ಟೆ. ನಿಮ್ಮ ಮನೆಗಿಂತ ಎತ್ತರದ ಮನೆ ಎದುರಿಗಿದ್ದರೆ ಮೊದಲೇ ಒಂದು ಮಾತು ಹೇಳಿಡಿ.

ಹೊರಗಿನ ಕಾವು ಏನಾದರೂ ಇಳಿಯಿತಾ ಅಂತ ಗಲ್ಲಿಯಲ್ಲೂ ಅಳೆದೆ. ಇಲ್ಲ. ಒಂದು ಮನೆ ಬೆಳ್ಳಗಾದರೆ ಗಲ್ಲಿ ತಣ್ಣಗಾಗಲ್ಲ, ಆಗಲು ಊರೇ ಬೆಳ್ಳಗಾಗಬೇಕು. ಅಂಥ ಪ್ರಯತ್ನಗಳೂ ಇವೆ. 2010ರ ಮೇ ತಿಂಗಳ ಬಿಸಿಲಲ್ಲಿ ತುಂಬ ಜನ ಸತ್ತ ಮೇಲೆ ಅಹಮದಾಬಾದ್ 2013ರಲ್ಲಿ ಬಿಸಿಲಿಗೆ ಅಂತಲೇ ಒಂದು ಯೋಜನೆ ಮಾಡಿತು, ಆಮೇಲೆ ಬಡವರ ಮನೆ ಸೂರುಗಳಿಗೆ ಬಿಳಿ ಬಳಿಯುವ ಕೆಲಸವೂ ಅದಕ್ಕೆ ಸೇರಿತು. ಪಕ್ಕದ ತೆಲಂಗಾಣ 2023ರಲ್ಲಿ ಕೂಲ್ ರೂಫ್ ನೀತಿ ಅಂತಲೇ ತಂದಿದೆ, ಸರ್ಕಾರಿ ಕಟ್ಟಡಕ್ಕೆ, ವ್ಯಾಪಾರದ ಕಟ್ಟಡಕ್ಕೆ, ದೊಡ್ಡ ಸೈಟಿನ ಮನೆಗಳಿಗೆ ಅದು ಕಡ್ಡಾಯ. ನಮ್ಮ ಗಲ್ಲಿಯಲ್ಲಿ ಸದ್ಯಕ್ಕೆ ನಮ್ಮ ಟೆರೇಸೊಂದೇ.

ಅದೂ ಅಲ್ಲದೆ ಒಂದು ಕೈ ತಣ್ಣೀರು ಎರಚಿದರೆ ಇನ್ನೊಂದು ಕೈ ಬಿಸಿನೀರು ಎರಚುತ್ತದೆ. ನಮ್ಮ ರಸ್ತೆಯಲ್ಲಿ ಒಂದೇ ವರ್ಷದಲ್ಲಿ ಏಳು ಹೊಸ ಏಸಿ ಬಂದಿವೆ. ಪಕ್ಕದ ಸಂದಿಯಲ್ಲಿ ನೇತುಹಾಕಿರುವ ಔಟ್‌ಡೋರ್ ಯೂನಿಟ್ ನೇರ ನಮ್ಮ ಬಚ್ಚಲ ಕಿಟಕಿಗೆ ಊದುತ್ತದೆ. ರೂಮಿನ ಬಿಸಿಯನ್ನು ಎತ್ತಿ ಹೊರಗೆ ಹಾಕುವುದೇ ಏಸಿಯ ಕೆಲಸ, ತಾನು ತಿಂದ ಕರೆಂಟಿನ ಬಿಸಿಯನ್ನೂ ಅದಕ್ಕೆ ಸೇರಿಸಿಯೇ ಹಾಕುತ್ತದೆ. ಅವರ ರೂಮು ತಂಪಾದಷ್ಟೂ ಸಂದಿ ಒಲೆ ಆಗುತ್ತದೆ. ಯಾರನ್ನೂ ಬೈಯಲ್ಲ, ಇನ್ನೆರಡು ಬೇಸಿಗೆ ಹೀಗೇ ಆದರೆ ನಾನೂ ಹಾಕಿಸುತ್ತೇನೋ ಏನೋ.

ಗನ್ ಕೈಗೆ ಬಂದ ಮೇಲೆ ಹುಚ್ಚು ಹಿಡಿಯಿತು ಅನ್ನಿ. ಬ್ಯಾಗಿನಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದೆ. ಮೇ ಮೊದಲ ವಾರ ಮಲ್ಲೇಶ್ವರಕ್ಕೆ ಹೋದಾಗ ಮಾರ್ಗೋಸಾ ರೋಡಿನಲ್ಲಿ ಮರದ ನೆರಳಿನ ಟಾರಿಗೆ ಹಿಡಿದೆ, 34. ಮರ ಮುಗಿದು ಬಿಸಿಲು ಬಿದ್ದ ಕಡೆಯ ಟಾರು, ಹತ್ತು ಹೆಜ್ಜೆ ಆಚೆ, 56. ಮಾರ್ಗೋಸಾ ಅಂದರೆ ಬೇವು, ರಸ್ತೆಗೆ ಮರದ ಹೆಸರಿಟ್ಟ ಕಾಲ ಅದು. ಯಾವ ಪೇಂಟೂ ಇಲ್ಲ, ಕಪ್ಪು ಟಾರೇ, ಆದರೂ ನನ್ನ 27,000 ರೂಪಾಯಿಯ ಬಿಳಿ ಟೆರೇಸಿಗಿಂತ 7 ಡಿಗ್ರಿ ಕಮ್ಮಿ. ಅಲ್ಲಿ ನಿಂತರೆ ಮುಖವೂ ಉರಿಯಲ್ಲ. ಬಿಸಿಲನ್ನು ಮೇಲೆಯೇ ತಡೆದು, ಎಲೆಯಿಂದ ನೀರು ಆವಿ ಮಾಡಿ, ತಾನೂ ಕಾಯದೆ ನಿಂತಿರುತ್ತದೆ ಮರ.

ಇದನ್ನು ನನಗಿಂತ ಸರಿಯಾಗಿ ಅಳೆದವರಿದ್ದಾರೆ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಜೊತೆಯವರು ಬೆಂಗಳೂರಿನ ರಸ್ತೆಗಳಲ್ಲೇ ಅಳೆದು 2013ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಮರ ಇರುವ ರಸ್ತೆಯಲ್ಲಿ, ಮರ ಇಲ್ಲದ ರಸ್ತೆಗಿಂತ, ಮಧ್ಯಾಹ್ನದ ಗಾಳಿ 5.6 ಡಿಗ್ರಿವರೆಗೂ, ಟಾರಿನ ಮೈ 27.5 ಡಿಗ್ರಿವರೆಗೂ ತಣ್ಣಗಿತ್ತಂತೆ. ಗಾಳಿಯೇ ಐದು ಡಿಗ್ರಿ ಇಳಿಯುವುದು ಅಂದರೆ ಸಣ್ಣ ಮಾತಲ್ಲ. ಬಿಸಿಲ ಹೊತ್ತು ಮರದ ರಸ್ತೆ ಹುಡುಕಿಕೊಂಡು ಸುತ್ತು ಬಳಸಿ ಹೋಗುವ ಆಟೋದವರಿಗೆ ಇದು ಮೊದಲೇ ಗೊತ್ತಿತ್ತು ಅನ್ನಿಸುತ್ತದೆ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಊರೆಲ್ಲ ಸುಮಾರು 15 ಲಕ್ಷ ಗಿಡ ನೆಡಿಸಿದ್ದರು. ಈಗ ನಾವು ಗಾಡಿ ನಿಲ್ಲಿಸಲು ಹುಡುಕುವ ನೆರಳಲ್ಲಿ ಎಷ್ಟೋ ಪಾಲು ಅವರದ್ದು. ಆಗ ಊರ ಹೊರಗಿದ್ದು ಆಮೇಲೆ ಎದ್ದ ನಮ್ಮಂಥ ಬಡಾವಣೆಗಳಿಗೆ ಆ ಭಾಗ್ಯ ಇಲ್ಲ.

ಹಾಗಾದರೆ ಮರ ನೆಡಬಹುದಲ್ವಾ ಅಂತ ಕೇಳುತ್ತೀರಿ. ನೆಟ್ಟೆ. ಫುಟ್‌ಪಾತ್ ಅನ್ನುವುದೇ ಇಲ್ಲದ ರಸ್ತೆಯಲ್ಲಿ, ಚರಂಡಿಗೂ ಗೇಟಿಗೂ ನಡುವೆ ಎರಡಡಿ ಮಣ್ಣು ಬಿಡಿಸಿಕೊಂಡು ಒಂದು ಹೊಂಗೆ ಸಸಿ ಹಾಕಿದೆ. ಹೊಂಗೆ ಯಾಕೆ ಅಂದರೆ, ಯುಗಾದಿ ಹೊತ್ತಿಗೆ ಬೇರೆ ಎಷ್ಟೋ ಮರ ಬೋಳಾಗಿ ನಿಂತಿರುವಾಗ ಅದು ತಳತಳ ಅಂತ ಚಿಗುರಿರುತ್ತದೆ, ನೆರಳು ಬೇಕಾದ ತಿಂಗಳಿಗೇ ಸರಿಯಾಗಿ. ಹೊಂಗೆ ನೆರಳಿಗೆ ಸಮ ಇಲ್ಲ ಅಂತ ನಮ್ಮ ಊರ ಕಡೆ ಅಜ್ಜಿಯರು ಹೇಳುತ್ತಿದ್ದದ್ದು ಸುಮ್ನೆ ಅಲ್ಲ. ಆಳೆತ್ತರ ಬಂದಿತ್ತು. ಯಾರೋ ಬಂದು ತಂತಿಗೆ ತಾಗುತ್ತದೆ ಅಂತ ತುದಿ ಕತ್ತರಿಸಿ ಹೋದರು. ತಂತಿ ಇರುವುದು ಇಪ್ಪತ್ತಡಿ ಮೇಲೆ. ಈಗ ಪಕ್ಕದಿಂದ ಎರಡು ಕವಲು ಒಡೆದಿದೆ. ಅದು ನೆರಳು ಕೊಡುವ ಹೊತ್ತಿಗೆ ಹತ್ತು ವರ್ಷ ಆಗುತ್ತದೆ, ಪೇಂಟ್ ಎರಡು ದಿನಕ್ಕೆ ಒಣಗುತ್ತದೆ. ನಾನು ದುಡ್ಡು ಕೊಟ್ಟದ್ದು ಆ ಎರಡು ದಿನಕ್ಕೆ.

ಟೆರೇಸಿನ ಮೇಲೆ ಕೂರುವ ಆಸೆ ಇರುವವರಿಗೆ: ಹಸಿರು ನೆಟ್ ಕಟ್ಟಿ. ನರ್ಸರಿಗಳಲ್ಲಿ ಕಟ್ಟಿರುತ್ತಾರಲ್ಲ, ಅದೇ. ಶೇಕಡಾ 50, 75 ಅಂತ ನೆರಳಿನ ಲೆಕ್ಕದಲ್ಲಿ ಸಿಗುತ್ತದೆ, 75ರದ್ದು ತಂದೆ, ಜಿಐ ಪೈಪ್ ನಿಲ್ಲಿಸಿ ಅರ್ಧ ಟೆರೇಸಿಗೆ ಕಟ್ಟಿಸಿದೆ. ಬಿಳಿ ನೆಲ, ಮೇಲೆ ನೆಟ್, ಎರಡೂ ಸೇರಿದ ಕಡೆ ನಾಲ್ಕು ಗಂಟೆಗೇ ಕಾಫಿ ಹಿಡಿದು ಕೂರಬಹುದು. ಬರೀ ಬಿಳಿ ನೆಲದ ಕಡೆ ಬಿಸಿಲು ತಗ್ಗುವವರೆಗೆ ಕಾಯಬೇಕು. ಆದರೆ ಮೇ ಮಧ್ಯದ ಗುಡುಗು ಮಳೆಗೆ ನಮ್ಮ ನೆಟ್ ಕಿತ್ತುಕೊಂಡು ಹೋಗಿ ನೇರಳೆ ಮರಕ್ಕೆ ಸೀರೆ ಉಡಿಸಿತ್ತು. ಗಾಳಿಗೆ ಬಿಚ್ಚುವ ಹಾಗೆ ಕಟ್ಟಬೇಕು, ಅಥವಾ ಬಿಚ್ಚಲು ನೆನಪಿಟ್ಟುಕೊಳ್ಳಬೇಕು. ನನಗೆ ಎರಡೂ ಆಗಲಿಲ್ಲ.

"ಇಷ್ಟು ದುಡ್ಡು ಯಾಕೆ, ಸುಣ್ಣ ಬಳಿದರೆ ಆಗಲ್ವಾ" ಅಂತ ನಮ್ಮ ಅತ್ತೆ ಕಲಬುರಗಿಯಿಂದ ಫೋನಿನಲ್ಲೇ ಬೈದರು. ಆಗುತ್ತದೆ. ಬಿಸಿಲು ಏನು ಅಂತ ಅವರಿಂದ ಕಲಿಯಬೇಕು, 42 ಡಿಗ್ರಿ ಅಂದರೆ ಅವರಿಗೆ ಮಾಮೂಲಿ ಮೇ. ಪ್ರತಿ ವರ್ಷ ಶಿವರಾತ್ರಿ ಕಳೆದ ಮೇಲೆ ಸುಣ್ಣ ಕಲಸಿ, ಒಂದಿಷ್ಟು ಫೆವಿಕಾಲ್ ಬೆರೆಸಿ, ಉದ್ದ ಕೋಲಿನ ಪೊರಕೆಯಲ್ಲಿ ಮಾಳಿಗೆಗೆ ಬಳಿಸುತ್ತಾರೆ. ಎರಡು ಸಾವಿರದೊಳಗೆ ಮುಗಿಯುತ್ತದೆ. ಹೊಸದರಲ್ಲಿ ತಂಪೂ ಹೆಚ್ಚು ಕಮ್ಮಿ ಇಷ್ಟೇ. ಆದರೆ ಒಂದು ಒಳ್ಳೆ ಮಳೆಗೆ ತೊಳೆದುಹೋಗುತ್ತದೆ, ಕಾಲಿಟ್ಟರೆ ಅಂಗಾಲು ಬೆಳ್ಳಗೆ, ಒಣಗಲು ಹಾಕಿದ ಬಟ್ಟೆ ಬಿದ್ದರೆ ಮತ್ತೆ ಒಗೆಯಬೇಕು. ಬಾಡಿಗೆ ಮನೆಯಲ್ಲಿದ್ದರೆ, ಶೀಟ್ ಮನೆಯಲ್ಲಿದ್ದರೆ, ಅಥವಾ ಈ ವರ್ಷ ಕೈಯಲ್ಲಿ ದುಡ್ಡಿಲ್ಲದಿದ್ದರೆ ಕಣ್ಣು ಮುಚ್ಚಿ ಸುಣ್ಣ ಬಳಿಯಿರಿ. ಬಸವನಗುಡಿ, ಚಾಮರಾಜಪೇಟೆ ಕಡೆಯ ಹಳೇ ಮನೆಗಳಲ್ಲಿ ಮದ್ರಾಸ್ ಟೆರೇಸ್ ಇರುತ್ತಿತ್ತಲ್ಲ, ತೇಗದ ತೊಲೆ ಮೇಲೆ ಇಟ್ಟಿಗೆ ನಿಲ್ಲಿಸಿ ಸುಣ್ಣದ ಗಾರೆ ಹಾಕಿದ್ದು, ಅಂಥ ಮನೆಯಲ್ಲಿರುವವರಿಗೆ ಇದ್ಯಾವುದೂ ಬೇಡ. ಆ ಪುಣ್ಯವಂತರು ಈ ರಿವ್ಯೂ ಓದುತ್ತಲೂ ಇರಲ್ಲ.

ಧೂಳಿನ ವಿಷಯ. ಫೆಬ್ರವರಿಯಲ್ಲಿ ಹಾಲಿನ ಬಣ್ಣ ಇದ್ದದ್ದು ಮೇ ಹೊತ್ತಿಗೆ ಕಾಫಿ ಡಿಕಾಕ್ಷನ್ ಚೆಲ್ಲಿ ಒರೆಸಿದ ಬಣ್ಣ ಆಗಿತ್ತು. ಹತ್ತಿರದಲ್ಲಿ ಪೀಣ್ಯ, ಸುತ್ತ ಮನೆ ಕಟ್ಟುವ ಕೆಲಸ, ಧೂಳಿಗೇನು ಬರ. ಆಗ ಅಳೆದರೆ 41 ಇದ್ದದ್ದು 46ಕ್ಕೆ ಏರಿತ್ತು. ಬಟ್ಟೆ ಒಗೆದ ನೀರಲ್ಲೇ ಉದ್ದ ಬ್ರಷ್ ಹಾಕಿ ಉಜ್ಜಿದೆ, ಮತ್ತೆ 42. ಅಂದರೆ ಬೇಸಿಗೆಯಲ್ಲಿ ತಿಂಗಳಿಗೊಂದು ಸಲ ತೊಳೆಯುವ ಕೆಲಸ ಇದ್ದೇ ಇದೆ, ಅಂಗಡಿಯವರು ಇದನ್ನು ಹೇಳಲ್ಲ. ಜೂನ್‌ನಲ್ಲಿ ಹಕ್ಕಿಗಳು ನೇರಳೆ ತಿಂದು ಬಂದು ಕೂತು ಮಾಡಿದ ರಂಗೋಲಿ ಮಾತ್ರ ಇವತ್ತಿಗೂ ಹೋಗಿಲ್ಲ. ಮಳೆಗಾಲದಲ್ಲಿ ಇನ್ನೊಂದು ಅಪಾಯ, ಜಾರುತ್ತದೆ. ಬರೀ ಸಿಮೆಂಟು ತರಿತರಿ ಇರುತ್ತದೆ, ಇದು ನಯ, ಮೇಲೆ ಸ್ವಲ್ಪ ಪಾಚಿ ಕಟ್ಟಿದರೆ ಮುಗಿಯಿತು. ಆಗಸ್ಟ್‌ನಲ್ಲಿ ನಾನೇ ಒಂದು ಸಲ ಬಕೆಟ್ ಸಮೇತ ಕೂತೆ. ವಯಸ್ಸಾದವರು ಟೆರೇಸಿಗೆ ಹೋಗುವ ಮನೆಯಾದರೆ ಓಡಾಡುವ ದಾರಿಯಷ್ಟಕ್ಕೆ ಕೊನೇ ಕೋಟಿನಲ್ಲಿ ಸ್ವಲ್ಪ ಜರಡಿ ಹಿಡಿದ ಮರಳು ಉದುರಿಸಲು ಹೇಳಿ.

ರೇಟು: 850 ಚದರ ಅಡಿ, ಅಡಿಗೆ 32 ರೂಪಾಯಿ, ಪ್ರೈಮರ್, ಎರಡು ಕೋಟ್, ಕೂಲಿ ಎಲ್ಲ ಸೇರಿ 27,200. ಬರೀ ಪೇಂಟ್ ತಂದು ನಾವೇ ಹಾಕಿದರೆ ಅರ್ಧಕ್ಕೆ ಆಗುತ್ತಿತ್ತು, ಎರಡು ಭಾನುವಾರದ ಕೆಲಸ, ಮುಂದಿನ ಸಲ ಹಾಗೇ ಮಾಡುತ್ತೇನೆ. ಪೇಂಟಿಗೆ ಐದಕ್ಕೆ ನಾಲ್ಕು. ಹಾಕಿದವರಿಗೆ ಐದಕ್ಕೆ ಒಂದೂವರೆ, ಆ ಅರ್ಧ ಯಾಕೆ ಅಂದರೆ ಜಗಳ ಆಡಿದಾಗ ನಗುನಗುತ್ತಾ ಕೇಳಿಸಿಕೊಂಡರು. ನೆಟ್‌ಗೆ ಮೂರು. ಮೇಲಿನ ಮಹಡಿಯಲ್ಲಿ ಇರುವವರು, ರಾತ್ರಿ ಸೀಲಿಂಗ್ ಮುಟ್ಟಿದರೆ ಬೆಚ್ಚಗಿರುತ್ತದೆ ಅನ್ನುವವರು ಧಾರಾಳವಾಗಿ ಹಾಕಿಸಿ. ಕೆಳಗಿನ ಮಹಡಿಯವರಿಗೆ ಉಪಯೋಗ ಇಲ್ಲ, ನಮ್ಮ ಬಾಡಿಗೆಯವರಿಗೆ ನಾವು ಬಳಿಸಿದ್ದೇ ಗೊತ್ತಾಗಿಲ್ಲ. ಹಾಕಿಸುವುದಾದರೆ ಜನವರಿ, ಫೆಬ್ರವರಿ ಒಳ್ಳೆಯದು, ಮತ್ತು ಆ ಎರಡು ದಿನ ಆಫೀಸಿಗೆ ರಜೆ ಹಾಕಿ ಟೆರೇಸಿನ ಮೇಲೆ ನಿಂತುಕೊಳ್ಳಿ.

ಅಮ್ಮನ ರಿವ್ಯೂ ಬೇರೆ ಇದೆ. ಅವರಿಗೆ ಈ ಪೇಂಟ್ ಹಾಕಿಸಿದ ದಿನದಿಂದ ಸಿಟ್ಟು. ಮಾರ್ಚ್‌ನಲ್ಲಿ ಅಕ್ಕಿ ಸಂಡಿಗೆ ಹಾಕಿದರು, ಹಳೇ ಪಂಚೆ ಹಾಸಿ, ಪ್ರತಿ ವರ್ಷದ ಹಾಗೆ. ಎರಡು ದಿನಕ್ಕೆ ಗಲಗಲ ಅನ್ನಬೇಕಾದ ಸಂಡಿಗೆ ಎರಡನೇ ದಿನ ಸಂಜೆಗೂ ಅಡಿಯಲ್ಲಿ ಮೆತ್ತಗೇ ಇತ್ತು. ಮೇಲೆ ಬಿಸಿಲು ಅಷ್ಟೇ ಇದೆ, ಕೆಳಗಿನ ಕಾವು ಇಲ್ಲವಲ್ಲ. "ತಂಪು ಮಾಡಿಸ್ತೀನಿ ಅಂತ ಬಿಸಿಲನ್ನೇ ಕೆಡಿಸಿದೆ" ಅಂದರು. ಮೂರನೇ ದಿನ ನಾನು ಆಫೀಸಿಂದ ಬಂದು ನೋಡಿದರೆ ಪಂಚೆ ಸಮೇತ ಸಂಡಿಗೆ ಸಿಂಟೆಕ್ಸ್ ಪಕ್ಕದ ಆ ನಾಲ್ಕಡಿ ಸಿಮೆಂಟಿಗೆ ಹೋಗಿತ್ತು. ಆಮೇಲೆ ಬಾಳಕದ ಮೆಣಸಿನಕಾಯಿ, ಹಪ್ಪಳ, ಎಲ್ಲ ಅಲ್ಲೇ.

ಅಕ್ಟೋಬರ್‌ನಲ್ಲಿ ಆ ಕಾಂಟ್ರಾಕ್ಟರ್ ಹುಡುಗ ನಿಜವಾಗಿಯೂ ಬಂದ, ಅರ್ಧ ಡಬ್ಬ ಪೇಂಟ್ ಹಿಡಿದುಕೊಂಡು, ಬಾಕಿ ಉಳಿದ ಜಾಗಕ್ಕೆ ಬಳಿದು ಹೋಗುತ್ತೇನೆ ಅಂತ. ಅಮ್ಮ ಮೆಟ್ಟಿಲ ಮೇಲೆಯೇ ಅವನನ್ನು ತಡೆದು ನಿಲ್ಲಿಸಿದರು. ಪೈಪಿನ ಬಾಯಿ ಹತ್ತಿರ ಸಿಪ್ಪೆ ಎದ್ದ ಕಡೆ ಉಜ್ಜಿಸಿ ಎರಡು ಕೋಟ್ ಹಾಕಿಸಿಕೊಂಡರು, ಒಂದು ಲೋಟ ಕಾಫಿ ಕೊಟ್ಟರು, ಸಿಂಟೆಕ್ಸ್ ಕಡೆಗೆ ಮಾತ್ರ ಅವನ ರೋಲರ್ ಹೋಗಲು ಬಿಡಲಿಲ್ಲ.